ಒರಳುಕಲ್ಲಿನ ಪಕ್ಕದ ಗಿಡ

ನಮ್ಮೂರಿನ ಮೇಲೆ ಮಳೆ ಬೀಳುವುದಿಲ್ಲ. ಬೀಳುವುದೆಲ್ಲ ಬೆಟ್ಟದ ಆಚೆ ಮಗ್ಗುಲಿಗೆ. ನಮಗೆ ಬರುವುದು ಅದರ ಸಪ್ಪಳ ಮಾತ್ರ. ಹಾಗಿದ್ದೂ ನಮ್ಮ ಮನೆಗಳ ಹಿತ್ತಿಲು ಹಸಿರಾಗಿದ್ದರೆ ಅದು ನೀರಿನಮ್ಮನ ದಯೆ.

ನೀರಿನಮ್ಮ ದಿನಾ ಬೆಳಿಗ್ಗೆ, ಬಿಸಿಲು ಮಾಡಿನಿಂದ ಜಗುಲಿಗೆ ಇಳಿಯುವ ಮೊದಲು, ಸೊಂಟದಲ್ಲಿ ತಾಮ್ರದ ಕೊಡ ಇಟ್ಟುಕೊಂಡು ಬರುತ್ತಾಳೆ. ಇರುವುದು ಅದೊಂದೇ ಕೊಡ. ಊರಿನ ಹಿತ್ತಿಲುಗಳೆಲ್ಲ ಮುಗಿಯುವವರೆಗೂ ಅದು ಬರಿದಾದದ್ದನ್ನು ಯಾರೂ ಕಂಡಿಲ್ಲ. ಆಕೆ ಒಂದೊಂದು ಗಿಡದ ಮುಂದೆಯೂ ನಿಲ್ಲುತ್ತಾಳೆ. ನಿಂತು ಕೇಳುತ್ತಾಳೆ.

"ಇದು ಯಾರು?"

ಮನೆಯವರು ಹೆಸರು ಹೇಳಬೇಕು. ತುಳಸಿ ಎಂದರೆ ತುಳಸಿಗೆ ನೀರು. ತೊಂಡೆ ಎಂದರೆ ತೊಂಡೆಗೆ ನೀರು. ಹೇಳಿದ ಹೆಸರು ಸರಿಯಿದ್ದರೆ ಮಣ್ಣು ಗುಳುಕ್ಕೆಂದು ನುಂಗುತ್ತದೆ. ತಪ್ಪಿದ್ದರೆ ನೀರು ಇಳಿಯುವುದಿಲ್ಲ. ಗಿಡದ ಬುಡದಲ್ಲಿ ಹಾಗೇ ನಿಂತಿರುತ್ತದೆ, ಆಕಾಶ ತೋರಿಸಿಕೊಂಡು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಅದನ್ನು ಕುಡಿದು ಮುಗಿಸುತ್ತದೆ. ಆ ಗಿಡಕ್ಕೆ ಬೇರೆ ಯಾರು ಏನು ಎರೆದರೂ ಅಷ್ಟೇ, ಒಂದು ತೊಟ್ಟೂ ಬೇರಿಗೆ ಮುಟ್ಟದು.

ಇನ್ನೊಂದು ಕಟ್ಟಳೆ ಇದೆ. ನೆಟ್ಟ ಕೈಯವರು ಬಾಯಿ ಬಿಡುವಂತಿಲ್ಲ. ಒಬ್ಬರು ನೆಡಬೇಕು, ಮನೆಯ ಇನ್ನೊಬ್ಬರು ಹೇಳಬೇಕು. ನೆಟ್ಟವರು ಕೈಯಲ್ಲಿ ಮಣ್ಣು ಇನ್ನೂ ಹಸಿ ಇರುವಾಗಲೇ ಬಂದು, ಹೇಳುವವರಿಗೆ ಒಂದು ಸಲ ತಿಳಿಸುತ್ತಾರೆ. ಒಂದೇ ಸಲ. ಎರಡನೆಯ ಸಲ ತಿಳಿಸಿದರೆ ಬೀಜ ಅಲ್ಲೇ ಕೊಳೆಯುತ್ತದೆ. ಬರೆದಿಡುವ ಹಾಗೂ ಇಲ್ಲ. ಬರೆದ ಹೆಸರಿಗೆ ನೀರು ಕಿವಿಗೊಡುವುದಿಲ್ಲ.

ಕೊನೆಯದು ಎಲ್ಲಕ್ಕಿಂತ ಕಠಿಣ. ಹೇಳುವವರ ತಪ್ಪಿನಿಂದ ಗಿಡವೊಂದು ಬಾಯಾರಿ ಸತ್ತರೆ, ನೆಟ್ಟವರು ಅದರ ಬುಡದ ಮಣ್ಣಿನ ಮೇಲೆ ಕೈ ತೊಳೆಯಬೇಕು. ಆಮೇಲೆ ಆ ಕೈ ಏನನ್ನೂ ನೆಡುವುದಿಲ್ಲ. ತಪ್ಪು ಬಾಯಿಯದು, ಶಿಕ್ಷೆ ಕೈಗೆ. ಯಾಕೆ ಹೀಗೆ ಎಂದು ಹಿರಿಯರನ್ನು ಕೇಳಿದ್ದೆ. "ಶಿಕ್ಷೆ ಕೈಗೆ ಅಂತ ಯಾರಪ್ಪಾ ಹೇಳಿದ್ದು?" ಎಂದರು. ಆಗ ಅರ್ಥವಾಗಲಿಲ್ಲ.

ನಮ್ಮ ಮನೆಯಲ್ಲಿ ನೆಡುವವಳು ನನ್ನ ಹೆಂಡತಿ, ಹೇಳುವವನು ನಾನು. ನಾವು ಇಬ್ಬರೇ. ನಮ್ಮ ಹಿತ್ತಿಲಲ್ಲಿ ನಲವತ್ತೊಂದು ಗಿಡಗಳಿದ್ದವು. ದೇವರ ಸಾವಿರ ಹೆಸರನ್ನು ನಾನು ಏಳನೆಯ ವಯಸ್ಸಿನಿಂದ ಒಂದು ದಿನವೂ ಬಿಡದೆ ಹೇಳಿಕೊಂಡು ಬಂದವನು. ಆ ಹೆಸರುಗಳ ಬೆನ್ನಿಗೆ ಗಿಡಗಳ ಹೆಸರನ್ನು ಕಟ್ಟಿಟ್ಟಿದ್ದೆ. ಬಾಗಿಲಿನಿಂದ ಬೇಲಿಯವರೆಗೆ ನಡೆದರೆ ಒಂದೂ ತಪ್ಪುತ್ತಿರಲಿಲ್ಲ. ಇದು ಯಾರು? ದೊಡ್ಡಪತ್ರೆ. ಇದು ಯಾರು? ನಂದಿಬಟ್ಟಲು. ಇದು ಯಾರು? ಹೊನಗೊನ್ನೆ, ಕಾಕಡ, ಬಸಳೆ, ಕೆಸು, ಒಂದೆಲಗ, ಮರುಗ. ಗುಳುಕ್, ಗುಳುಕ್, ಗುಳುಕ್.

"ಯಜಮಾನ್ರೆ, ನಿಮ್ಮ ಮನೇಲಿ ನನಗೆ ಉಸಿರಾಡಕ್ಕೂ ಬಿಡುವಿಲ್ಲ. ನಾನು ಕೇಳೋದಕ್ಕೆ ಮುಂಚೆ ನೀವು ಹೇಳಿರ್ತೀರಿ" ಎಂದು ನೀರಿನಮ್ಮ ನಗುತ್ತಿದ್ದಳು.

ಹಿಂದಿನ ಮೆಟ್ಟಿಲ ಮೇಲೆ ನನ್ನ ಹೆಂಡತಿ ನಿಂತಿರುತ್ತಿದ್ದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ತಾನು ನೆಟ್ಟದ್ದರ ಹೆಸರು ನನ್ನ ಬಾಯಿಂದ ಬರುವುದನ್ನು ಕೇಳಲಿಕ್ಕೆಂದೇ ದಿನಾ ಅಲ್ಲಿ ನಿಲ್ಲುತ್ತಿದ್ದಳು. ನಾನು ಅದನ್ನು ನೋಡುತ್ತಿದ್ದೆ, ಆದರೆ ಗಮನಿಸಿರಲಿಲ್ಲ.

*

ಒಂದು ಬೆಳಿಗ್ಗೆ ನಾನು ದೇವರ ಮುಂದೆ ಕೂತಿದ್ದೆ. ಐನೂರೈವತ್ತು ಹೆಸರು ದಾಟಿತ್ತು. ಬಾಗಿಲಲ್ಲಿ ಬಳೆ ಸದ್ದಾಯಿತು. ಅವಳು ಹೊಸ್ತಿಲಾಚೆ ನಿಂತಿದ್ದಳು. ಎರಡೂ ಕೈ ಮಣ್ಣು. ಮುಖದಲ್ಲಿ ಏನೋ ನಗು.

"ನೋಡಿ, ಒರಳುಕಲ್ಲಿನ ಪಕ್ಕ ಒಂದು ಬೀಜ ಹಾಕಿದೀನಿ" ಎಂದಳು. ಆಮೇಲೆ ಇನ್ನೂ ಏನೋ ಹೇಳಿದಳು.

ನಾನು ಕಣ್ಣು ತೆರೆಯಲಿಲ್ಲ. ಒಂದು ಬೆರಳೆತ್ತಿದೆ, ತಡೆ ಎನ್ನುವ ಹಾಗೆ. ಹೆಸರಿನ ಸರ ತುಂಡಾಗಬಾರದಲ್ಲ. ಅವಳ ಮಾತು ನಿಂತ ಮೇಲೆ, ಎರಡು ಹೆಸರುಗಳ ನಡುವಿನ ಸಂದಿನಲ್ಲಿ "ಹೂಂ" ಎಂದೆ.

ಅವಳು ಹೋದಳು. ನಾನು ಸಾವಿರ ಮುಗಿಸಿದೆ. ಒಂದೂ ತಪ್ಪಿರಲಿಲ್ಲ.

ಬೀಜ ಎರಡೆಲೆ ಬಿಡುವವರೆಗೂ ನೀರಿನಮ್ಮ ಕೇಳುವುದಿಲ್ಲ. ಹಾಗಾಗಿ ಒಂಬತ್ತು ದಿನ ನನಗೆ ಆ ವಿಚಾರವೇ ತಲೆಗೆ ಬರಲಿಲ್ಲ. ಹತ್ತನೆಯ ಬೆಳಿಗ್ಗೆ ಆಕೆ ಒರಳುಕಲ್ಲಿನ ಪಕ್ಕ ನಿಂತಳು. ಅಲ್ಲಿ ಹೆಬ್ಬೆಟ್ಟಿನ ಉದ್ದದ ಸಸಿ. ಎರಡು ಎಲೆ, ಅಂಚಿನಲ್ಲಿ ಸಣ್ಣ ಹಲ್ಲು, ಅಡಿಯಲ್ಲಿ ಕೆಂಪು ಛಾಯೆ.

"ಇದು ಯಾರು?"

ನಾನು ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಮೆಟ್ಟಿಲ ಕಡೆ ತಿರುಗಿದೆ. ಅವಳು ಎರಡು ಮೆಟ್ಟಿಲು ಇಳಿದು ಬಂದು ನಿಂತಿದ್ದಳು. ಉಳಿದ ನಲವತ್ತೊಂದಕ್ಕೆ ಕಾಣದ ಆಸೆ ಆ ಮುಖದಲ್ಲಿತ್ತು.

"ಬದನೆ" ಎಂದೆ.

ನೀರಿನಮ್ಮ ಎರೆದಳು. ನೀರು ನಿಂತಿತು. ಅಂಗೈಯಗಲದ ನೀರಿನಲ್ಲಿ ಸಸಿ ತಲೆಕೆಳಗಾಗಿ ಕಾಣಿಸಿತು.

ಒಳಗೆ ಬಂದ ಮೇಲೆ ನನ್ನ ಹೆಂಡತಿ ಗಂಜಿ ಬಡಿಸಿದಳು. ಬಡಿಸುತ್ತಲೇ ಕೇಳಿದಳು.

"ಮರೆತುಬಿಟ್ರಾ?"

"ಮರೆತೆ" ಎಂದೆ. ಮರೆವು ದೇವರು ಕೊಡುವುದು. ಕೇಳದೆ ಇದ್ದದ್ದು ನಾನು ಮಾಡಿದ್ದು. ಅದಕ್ಕೇ ಮರೆತೆ ಎಂದೆ.

ಅವಳು ಉಪ್ಪಿನಕಾಯಿಯ ಜಾಡಿ ನನ್ನ ಕಡೆ ಸರಿಸಿದಳು. "ಮರೆಯೋವಷ್ಟು ಕಷ್ಟದ್ದೇನೂ ಆಗಿರ್ಲಿಲ್ಲ" ಎಂದಷ್ಟೇ ಹೇಳಿ ಎದ್ದಳು.

*

ಹೆಸರು ಹುಡುಕುವುದು ಅಂದಿನಿಂದ ನನ್ನ ಕೆಲಸವಾಯಿತು. ಮಂಡಿಯೂರಿ ಕೂತು ಆ ಸಸಿಯನ್ನು ನೋಡಿದೆ. ಎಲೆ ಎದುರುಬದುರು ಹುಟ್ಟಿದೆಯೋ, ಒಂದಾದ ಮೇಲೊಂದೋ? ಕಾಂಡ ದುಂಡೋ, ಚೌಕವೋ? ರೋಮ ಇದೆಯೋ? ಮೂಗಿಗೆ ಹಿಡಿದರೆ ಮರುಗದ ಹಾಗೆ ಅನ್ನಿಸುತ್ತಿತ್ತು. ಮರುಕ್ಷಣ ಹಸಿ ಬಳಪದ ವಾಸನೆ. ಅಂಚು ನೋಡಿದರೆ ದಾಸವಾಳ, ಅಡಿ ನೋಡಿದರೆ ಹರಿವೆ. ಊರಿನ ಹಿತ್ತಿಲುಗಳ ಬೇಲಿ ಬೇಲಿಗೂ ಹೋಗಿ, ಇಣುಕಿ, ಹೋಲಿಸಿ ಬಂದೆ. ದಿನಕ್ಕೆ ಒಂದೇ ಪ್ರಶ್ನೆ, ಒಂದೇ ಉತ್ತರ.

ಇದು ಯಾರು? ದಾಸವಾಳ. ನೀರು ನಿಂತಿತು.

ಇದು ಯಾರು? ಹರಿವೆ. ನೀರು ನಿಂತಿತು.

ಇದು ಯಾರು? ಕಾಮಕಸ್ತೂರಿ. ನೀರು ನಿಂತಿತು.

ನೀರಿನಮ್ಮ ಈಗ ನಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆಕೆಗೆ ಉಸಿರಾಡಲು ಬೇಕಾದಷ್ಟು ಬಿಡುವು ಸಿಗುತ್ತಿತ್ತು.

ಬೇಲಿಯಾಚೆ ಮನೆಯಾಕೆಗೆ ಸುದ್ದಿ ಮುಟ್ಟದೆ ಇರುತ್ತದೆಯೆ? ಒಂದು ದಿನ ಬೇಲಿಯ ಮೇಲಿಂದ ಕತ್ತು ಚಾಚಿದಳು. "ಏನಕ್ಕಾ, ನಿಮ್ಮ ಹಿತ್ತಿಲಲ್ಲಿ ಕನ್ನಡಿ ಇಟ್ಟಿದೀರಂತೆ? ನಾನೂ ಒಂದಿಷ್ಟು ಮುಖ ನೋಡ್ಕೊಂಡು ಹೋಗೋಣ ಅಂತ ಬಂದೆ."

"ನೋಡ್ಕೊಂಡು ಹೋಗು ತಾಯಿ" ಎಂದಳು ನನ್ನ ಹೆಂಡತಿ, ತಲೆಯೆತ್ತದೆ. "ಬೇಗ ಬಾ. ಬಿಸಿಲೇರಿದ್ರೆ ಸಿಗಲ್ಲ."

ಆಮೇಲೆ ಒಳಗೆ ಹೋಗಿ, ಕೈಗಳನ್ನು ತಿರುವಿ ತಿರುವಿ ನೋಡಿಕೊಂಡಳು. ಆ ಕೈಗಳಿಗೆ ಏನು ಕಾದಿದೆಯೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಸೌತೆಯ ಬೀಜ, ಹೀರೆಯ ಬೀಜ, ಬರುವ ತಿಂಗಳಿಗೆಂದು ಬೂದಿಯಲ್ಲಿ ಹೊರಳಿಸಿ ಅವಳು ಗಂಟು ಕಟ್ಟಿಟ್ಟಿದ್ದಳು. ಗಂಟು ಗೂಟದಲ್ಲಿ ತೂಗುತ್ತಿತ್ತು. ಇಬ್ಬರೂ ಅದರ ಕಡೆ ನೋಡುತ್ತಿರಲಿಲ್ಲ.

ನೀರಿನಮ್ಮ ಕೇಳತೊಡಗಿದ ಏಳನೆಯ ದಿನ ನಾನು ಬೇರಿನಜ್ಜನ ಬಳಿ ಹೋದೆ. ಬೇರಿನಜ್ಜ ಊರ ಹೊರಗಿನ ಗುಡಿಸಲಿನವನು. ಬೇರು, ತೊಗಟೆ ಮಾರುವವನು. ಯಾವ ಎಲೆಯನ್ನಾದರೂ ನಾಲಗೆಗೆ ಮುಟ್ಟಿಸಿ ಇಂಥದ್ದೇ ಎನ್ನುತ್ತಾನೆಂದು ಪ್ರತೀತಿ. ಬರಿಗೈಯಲ್ಲಿ ಹೋಗಿ ಏನು ತೋರಿಸಲಿ? ಸಸಿಗೆ ಆಗ ನಾಲ್ಕು ಎಲೆ. ಒಂದನ್ನು ಚಿವುಟಿದೆ.

"ಅಯ್ಯೋ!" ಎಂದಳು ಮೆಟ್ಟಿಲ ಮೇಲಿದ್ದವಳು, ತನ್ನ ಬೆರಳೇ ಮುರಿದ ಹಾಗೆ. ನಾನು ಬೆರಳೆತ್ತಿದೆ, ತಡೆ ಎನ್ನುವ ಹಾಗೆ.

ಬೇರಿನಜ್ಜ ಎಲೆಯನ್ನು ಬಿಸಿಲಿಗೆ ಹಿಡಿದ. ಉಜ್ಜಿದ, ಮೂಸಿದ, ಹಲ್ಲಿನಲ್ಲಿ ಕಡಿದ. ಕಡೆಗೆ ಸಂತೋಷದಿಂದ ನಕ್ಕ.

"ಗೊತ್ತಿಲ್ಲ ಸ್ವಾಮಿ."

"ನಿನಗೂ ಗೊತ್ತಿಲ್ಲವೆ?"

"ಎಂಬತ್ತು ವರ್ಷದಲ್ಲಿ ಇದನ್ನ ಕಂಡಿಲ್ಲ. ಚೆಂದಾಗಿದೆ. ಹೂ ಬಿಟ್ಟಾಗ ಹೇಳಿ ಕಳಿಸಿ, ನಾನೂ ಬಂದು ನೋಡ್ತೀನಿ."

"ಹೂವಿನವರೆಗೆ ಅದು ಬದುಕಿದರಲ್ಲವೇನಯ್ಯಾ!"

ಅಜ್ಜ ಗುಡಿಸಲ ಹಿಂದಕ್ಕೆ ಕೈ ತೋರಿಸಿದ. ಅಲ್ಲಿ ಎದೆಯೆತ್ತರ ಹಸಿರು. ನಾನು ಹೆಸರಿಡಬಲ್ಲ ಗಿಡ ಅದರಲ್ಲಿ ನಾಲ್ಕೋ ಐದೋ. "ನನ್ನ ಮನೆಯೋಳು ಕಂಡ ಕಂಡ ಬೀಜ ಎಲ್ಲ ತಂದು ಹಾಕ್ತಾಳೆ. ಅರ್ಧಕ್ಕರ್ಧ ನಮಗೆ ಗುರುತಿಲ್ಲ. ಬೆಳೀತಾ ಇಲ್ವಾ?"

"ನೀರಿನಮ್ಮ ಕೇಳಿದರೆ ಏನಂತ ಹೇಳುತ್ತೀಯ?"

"ಏನಂತ ಹೇಳೋದು? ಇದ್ದದ್ದನ್ನ ಹೇಳ್ತೀನಿ" ಎಂದ ಅಜ್ಜ.

ಹೆಸರು ಗೊತ್ತಿದ್ದೂ ಬಚ್ಚಿಡುತ್ತಿದ್ದಾನೆ ಎಂದುಕೊಂಡೆ. ಅಕ್ಷರ ಕಾಣದವನು, ಸಾವಿರ ಹೆಸರು ಬಲ್ಲವನ ಮುಂದೆ ಬಿಗುಮಾನ ತೋರಿಸುತ್ತಿದ್ದಾನೆ ಎಂದುಕೊಂಡೆ. ಕೈ ಕೂಡ ಮುಗಿಯದೆ ಹಿಂದಿರುಗಿದೆ. ದಾರಿಯಲ್ಲಿ ಬೆಟ್ಟದ ಆಚೆ ಮಳೆ ಸದ್ದು ಮಾಡುತ್ತಿತ್ತು.

*

ಸಸಿಯ ಎಲೆಗಳು ಮಡಚಿಕೊಂಡವು. ಮೂರು ಇದ್ದದ್ದು ಎರಡಾಯಿತು. ನೀರಿಳಿಯದ ಗಿಡ ಹದಿನಾರು ಬೆಳಗಿಗಿಂತ ಹೆಚ್ಚು ತಡೆದದ್ದನ್ನು ಊರಲ್ಲಿ ಯಾರೂ ಕೇಳಿಲ್ಲ. ನನಗೆ ಗೊತ್ತಿದ್ದ ಗಿಡಗಳ ಹೆಸರು ಮುಗಿಯಲಿಲ್ಲ, ಧೈರ್ಯ ಮುಗಿಯಿತು. ಹದಿನಾಲ್ಕನೆಯ ಬೆಳಿಗ್ಗೆ, ಐನೂರೈವತ್ತು ದಾಟಿದ ಮೇಲಿನ ದೇವರ ಹೆಸರೊಂದನ್ನು ಬಾಯಿಗೆ ತಂದುಕೊಂಡೆ. ಆವತ್ತು ಬಾಗಿಲಲ್ಲಿ ಅವಳಾಡಿದ ಮಾತಿನ ಮೇಲೆ ನಾನು ಹೇಳಿಕೊಂಡಿದ್ದ ಹೆಸರೇ ಅದು. ದೇವರ ಹೆಸರು ಹೇಳಿದರೆ ಇಳಿಯದ ನೀರುಂಟೆ ಎಂದು ನನ್ನ ಲೆಕ್ಕಾಚಾರ.

"ಇದು ಯಾರು?"

"ಅಚ್ಯುತ" ಎಂದೆ, ಕಣ್ಣು ಮುಚ್ಚಿ.

ನೀರಿನಮ್ಮ ಎರೆಯಲಿಲ್ಲ. ಕೊಡವನ್ನು ನೇರ ಹಿಡಿದು ನನ್ನ ಮುಖ ನೋಡಿದಳು. "ಯಜಮಾನ್ರೆ, ಆ ಹೆಸರನ್ನ ಯಾಕೆ ಸುಳ್ಳಿಗೆ ಕರೀತೀರಿ? ಅದು ನಿಮಗೆ ಏನು ತಪ್ಪು ಮಾಡಿದೆ?"

ಆಕೆ ಆಮೇಲೆ ಎರೆದಳು. ನೀರು ನಿಂತಿತು. ಅದರಲ್ಲಿ ನನ್ನ ಮುಖವೇ ಕಾಣಿಸಿತು.

ಹದಿನೈದನೆಯ ದಿನ ನಾನು ಏನು ಹೇಳಿದೆನೋ ನೆನಪಿಲ್ಲ. ಏನೋ ಒಂದು ಹೇಳಿದೆ.

ಹದಿನಾರನೆಯ ಬೆಳಿಗ್ಗೆ ದೇವರ ಮುಂದೆ ಕೂತೆ. ಐನೂರೈವತ್ತು ದಾಟಿತು. ನಾಲಗೆ ತಾನಾಗಿ ಮುಂದೆ ಮುಂದೆ ಹೋಗುತ್ತಿತ್ತು, ನಾನು ಹಿಂದೆ ಉಳಿದಿದ್ದೆ. ಹುಟ್ಟಿದ ಮೇಲೆ ಮೊದಲನೆಯ ಸಲ ಸರವನ್ನು ನಡುವೆ ತುಂಡು ಮಾಡಿ ಎದ್ದೆ. ಅವಳು ಒಲೆಯ ಮುಂದೆ ಕೂತಿದ್ದಳು. ಎದುರಿಗೆ ನೆಲದ ಮೇಲೆ ಕೂತೆ.

"ನಾನು ಮರೆತದ್ದಲ್ಲ ಕಣೇ. ಕೇಳಿಸಿಕೊಳ್ಳಲೇ ಇಲ್ಲ."

"ಗೊತ್ತು."

"ಯಾವಾಗಿನಿಂದ?"

"ಆವತ್ತೇ ಗೊತ್ತು. ಕೇಳಿಸಿಕೊಂಡಿದ್ರೆ ನೀವು ನಗ್ತಿದ್ರಿ" ಎಂದಳು. ಸೌದೆಯನ್ನು ಒಲೆಯೊಳಕ್ಕೆ ತಳ್ಳಿದಳು. "ಇಲ್ಲ, ಕೇಳಿಸಿಕೊಂಡಿರ್ತೀರಿ ಅಂತ ಅಂದ್ಕೊಂಡು ಒಂಬತ್ತು ದಿನ ಇದ್ದೆ."

"ಈಗ ನಾನೇನು ಹೇಳಲಿ ಅವಳಿಗೆ?"

ಅವಳ ತುಟಿ ತೆರೆಯಿತು. ಕೂಡಲೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಎರಡನೆಯ ಸಲ ತಿಳಿಸುವಂತಿಲ್ಲ. ಬಾಯಿ ಮುಚ್ಚಿದ ಕೈಯ ಮೇಲಿಂದ ಕಣ್ಣು ನನ್ನನ್ನೇ ನೋಡುತ್ತಿತ್ತು. ಈಗ ನನಗೆ ನಿಜ ಹೇಳಿದಿರಲ್ಲ, ಅವಳಿಗೂ ಅಷ್ಟೇ, ಅಷ್ಟೇ ಎನ್ನುವ ಹಾಗೆ ತಲೆಯಾಡಿಸಿದಳು. ನಾನು ಎದ್ದು ಹಿತ್ತಿಲಿಗೆ ಬಂದೆ.

ನೀರಿನಮ್ಮ ಬಂದಳು. ತುಳಸಿ, ದೊಡ್ಡಪತ್ರೆ, ನಂದಿಬಟ್ಟಲು. ಒಂದೊಂದೇ ಮುಗಿಸಿ ಒರಳುಕಲ್ಲಿನ ಬಳಿ ನಿಂತಳು. ಸಸಿಗೆ ಒಂದೇ ಎಲೆ ಉಳಿದಿತ್ತು.

"ಇದು ಯಾರು?"

"ಗೊತ್ತಿಲ್ಲ ತಾಯಿ" ಎಂದೆ.

ಆ ಮಾತು ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಬಂದದ್ದನ್ನು ನಾನು ಕೇಳಿರಲಿಲ್ಲ. ಹೇಳಿದ ಮೇಲೆ ಬಾಯಿ ಹಗುರವಾಯಿತು, ನೀರು ಕುಡಿದ ಹಾಗೆ.

ನೀರಿನಮ್ಮ ಕೊಡ ಬಗ್ಗಿಸಿದಳು. ಗುಳುಕ್. ಹದಿನಾರು ದಿನದ ನೀರನ್ನು ಒಟ್ಟಿಗೇ ಕೇಳುವಂತೆ ಮಣ್ಣು ಬಾಯಿ ತೆರೆಯಿತು. ಎರೆದಳು, ಇಳಿಯಿತು. ಇನ್ನೂ ಎರೆದಳು, ಇನ್ನೂ ಇಳಿಯಿತು. ನಾನು ಕೂಗಿದೆ, "ಬಾರೇ! ಬಾ ಇಲ್ಲಿ! ಇಳೀತು!"

ಅವಳು ಓಡಿ ಬಂದಳು. ಇಬ್ಬರೂ ಬಗ್ಗಿ ನೋಡುತ್ತಿದ್ದ ಹಾಗೆಯೇ ಸಸಿ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿ ಒದ್ದೆ ಮಣ್ಣಿನ ಮೇಲೆ ಮಲಗಿತು. ಎತ್ತಿ ನಿಲ್ಲಿಸಲು ಹೋದೆ, ಕೈಗೇ ಬಂತು. ಬೇರು ಒಣಗಿ ದಾರವಾಗಿತ್ತು. ನಿನ್ನೆಯೇ ಹೋಗಿರಬೇಕು ಅದು. ನಿನ್ನೆ ಹೇಳಬಹುದಿತ್ತು ನಾನು. ಆಕೆ ಕೇಳಿದ ಮೊದಲ ದಿನವೇ ಹೇಳಬಹುದಿತ್ತು.

ಸತ್ತ ಗಿಡದ ಹೆಸರನ್ನು ಎಷ್ಟು ಸಲ ಹೇಳಿದರೂ ದೋಷವಿಲ್ಲ. ಸಸಿಯನ್ನು ಕೈಯಲ್ಲಿ ಹಿಡಿದೇ ಕೇಳಿದೆ. "ಆವತ್ತು ನೀನು ಹೇಳಿದ್ದೇನು?"

ಅವಳು ಒರಳುಕಲ್ಲಿನ ಮೇಲೆ ಕೂತಳು. ಆವತ್ತು ಹೊಸ್ತಿಲಾಚೆಯಿಂದ ಹೇಳಿದ್ದನ್ನು ಹಾಗೇ, ಅದೇ ದನಿಯಲ್ಲಿ ಹೇಳಿದಳು.

"ನೋಡಿ, ಒರಳುಕಲ್ಲಿನ ಪಕ್ಕ ಒಂದು ಬೀಜ ಹಾಕಿದೀನಿ. ಅಕ್ಕಿ ಆರಿಸ್ತಾ ಸಿಕ್ಕಿತು. ಏನೋ ಎಂತೋ ನನಗೂ ಗೊತ್ತಿಲ್ಲ. ನೀರಿನಮ್ಮ ಕೇಳಿದ್ರೆ ಗೊತ್ತಿಲ್ಲ ಅಂತಲೇ ಅನ್ನಿ, ನಮ್ಮಪ್ಪ ಹಾಗೇ ಅಂತಿದ್ರು, ಅದಕ್ಕೂ ನೀರು ಇಳಿಯತ್ತೆ. ಬೆಳೆದ ಮೇಲೆ ಇಬ್ರೂ ಸೇರಿ ನೋಡೋಣ, ಏನಾಗತ್ತೋ."

ನೀರಿನಮ್ಮ ಅಲ್ಲೇ ನಿಂತಿದ್ದಳು. ಕೊಡದ ಬಾಯನ್ನು ಮತ್ತೆ ಬಗ್ಗಿಸಿದಳು, ಈ ಸಲ ತೆಳ್ಳಗೆ. ನನ್ನ ಹೆಂಡತಿ ಆ ಧಾರೆಯ ಕೆಳಗೆ ಎರಡೂ ಕೈ ಹಿಡಿದಳು. ಉಗುರ ಸಂದಿಯ ಮಣ್ಣೂ ಹೋಗುವ ಹಾಗೆ, ನಿಧಾನವಾಗಿ ತೊಳೆದುಕೊಂಡಳು.

*

ಗೂಟದಲ್ಲಿದ್ದ ಬೀಜದ ಗಂಟನ್ನು ನನ್ನ ಹೆಂಡತಿ ಬೇಲಿಯಾಚೆ ಮನೆಯಾಕೆಗೆ ಕೊಟ್ಟಳು. ಆಕೆ ಅದನ್ನು ಈಸಿಕೊಳ್ಳುವಾಗ ತಮಾಷೆ ಮಾಡಲಿಲ್ಲ.

ನಾನು ನೆಡಬಹುದಿತ್ತು, ಅವಳು ಹೇಳಬಹುದಿತ್ತು. ಅದನ್ನೂ ನೋಡಿದೆವು. ಹುರುಳಿ ಹಾಕಿದೆ, ಅವರೆ ಹಾಕಿದೆ. ಕೈಯಲ್ಲಿ ಮಣ್ಣು ಹಸಿ ಇರುವಾಗಲೇ ಓಡಿ ಹೋಗಿ ತಿಳಿಸಿದೆ. ಅವಳು ಮಾಡುತ್ತಿದ್ದ ಕೆಲಸ ಬಿಟ್ಟು, ನನ್ನ ಕಡೆ ಪೂರಾ ತಿರುಗಿ ಕೇಳಿಸಿಕೊಂಡಳು. ಆದರೆ ನನ್ನ ಕೈಯ ಬೀಜ ಎರಡೆಲೆ ಬಿಡಲಿಲ್ಲ.

ಗಿಡಗಳಿಗೂ ಆಯುಸ್ಸಿದೆ. ಬಸಳೆ ಹೋಯಿತು, ತೊಂಡೆ ಹೋಯಿತು, ಕಾಕಡದ ಬಳ್ಳಿ ಒಳಗಿಂದ ಟೊಳ್ಳಾಯಿತು. ನಲವತ್ತೊಂದು ಈಗ ಹನ್ನೆರಡಾಗಿದೆ. ನೀರಿನಮ್ಮ ನಮ್ಮ ಹಿತ್ತಿಲಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೋಗುವಾಗ ಒರಳುಕಲ್ಲಿನ ಕಡೆಗೊಮ್ಮೆ ನೋಡುತ್ತಾಳೆ, ಏನೂ ಕೇಳುವುದಿಲ್ಲ.

ದೇವರ ಮುಂದೆ ಇವತ್ತೂ ಕೂರುತ್ತೇನೆ. ಐನೂರೈವತ್ತು ದಾಟಿದ ಕೂಡಲೇ ನಿಲ್ಲಿಸಿಬಿಡುತ್ತೇನೆ, ಬಾಗಿಲ ಕಡೆ ತಿರುಗುತ್ತೇನೆ, ಕಿವಿ ಕೊಟ್ಟು ಕೂರುತ್ತೇನೆ. ದೇವರು ತಪ್ಪು ತಿಳಿಯುವುದಿಲ್ಲ. ಅವನೂ ನನ್ನ ಜೊತೆ ಆ ಬಾಗಿಲನ್ನು ನೋಡುತ್ತಿರುತ್ತಾನೆಂದು ಒಮ್ಮೊಮ್ಮೆ ಅನ್ನಿಸುತ್ತದೆ.

ನಿನ್ನೆ ಹಾಗೆ ಕೂತಿದ್ದಾಗ ನಡುಮನೆಯಿಂದ ಮೊರದ ಸದ್ದು ಬರುತ್ತಿತ್ತು. ಅಕ್ಕಿ ಆರಿಸುತ್ತಿದ್ದಳು. ಸದ್ದು ನಿಂತಿತು. ಎದ್ದು ಹೋದೆ. ಅವಳ ಅಂಗೈಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಒಂದು ಕಡೆ ಬಿಳಿ ಚುಕ್ಕೆಯಿದ್ದ ಬೀಜವಿತ್ತು. ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಏನದು?" ಎಂದೆ.

"ಗೊತ್ತಿಲ್ಲ" ಎಂದಳು.

ನಾನು ಕಾದೆ. ಅವಳು ಇನ್ನೇನೂ ಹೇಳಲಿಲ್ಲ. ಇನ್ನೂ ಒಂದು ಗಳಿಗೆ ನೋಡಿ, ಅಂಗಳದಲ್ಲಿ ಕೂತಿದ್ದ ಗುಬ್ಬಿಗಳ ಕಡೆ ಎಸೆದಳು.